ಸ್ವಂತ ಕಂತು, ಕೌಂಟರಿನ ಫೈನಾನ್ಸ್, ಬಾಕಿಯ ಮಾರಾಟ: ಮೂರನ್ನೂ ಮಾಡಿ ನೋಡಿದ ಅಂಗಡಿಯ ಲೆಕ್ಕ

ರಾಣೆಬೆನ್ನೂರಿನಲ್ಲಿ ನಮ್ಮದು ಫ್ರಿಜ್, ಟಿವಿ, ಮಿಕ್ಸರ್, ಕಬ್ಬಿಣದ ಕಪಾಟುಗಳನ್ನು ಮಾರುವ ಅಂಗಡಿ. ತಂದೆಯವರ ಕಾಲದಿಂದಲೂ ಕಂತಿನ ವ್ಯಾಪಾರ ನಮ್ಮ ಕೈಯಲ್ಲಿಯೇ ಇತ್ತು. ಸಾಮಾನು ಕೊಟ್ಟವರೂ ನಾವೇ, ಸಾಲ ಕೊಟ್ಟವರೂ ನಾವೇ, ತಿಂಗಳ ಮೊದಲ ವಾರದಲ್ಲಿ ವಸೂಲಿಗೆ ಓಣಿ ಓಣಿ ಅಲೆದವರೂ ನಮ್ಮ ಗುಮಾಸ್ತರೇ. 2019ರಲ್ಲಿ ಒಂದು ಫೈನಾನ್ಸ್ ಕಂಪನಿಯ ಹುಡುಗನಿಗೆ ಕೌಂಟರಿನ ಪಕ್ಕದಲ್ಲಿ ಒಂದು ಮೇಜು ಹಾಕಿಕೊಟ್ಟೆ. 2022ರಲ್ಲಿ ನಮ್ಮ ಖಾತೆ ಪುಸ್ತಕದಲ್ಲಿದ್ದ ಬಾಕಿಯನ್ನು ಇನ್ನೊಂದು ಕಂಪನಿಗೆ ಮಾರಿಯೂ ಬಿಟ್ಟೆ. ಈ ಮೂರರಲ್ಲಿ ಯಾವುದು ಲಾಭದ್ದೆಂದು ಜೊತೆಯ ವ್ಯಾಪಾರಿಗಳು ಪದೇ ಪದೇ ಕೇಳುವುದರಿಂದ, ನನ್ನ ಲೆಕ್ಕವನ್ನು ಇದ್ದದ್ದು ಇದ್ದಂತೆ ಬರೆದಿಡುತ್ತಿದ್ದೇನೆ.

ಹೋಲಿಕೆಗೆ ಒಂದೇ ಸರಕನ್ನು ಹಿಡಿಯುವುದು ನ್ಯಾಯ. ತೆರಿಗೆ ಸೇರಿ 24,000 ರೂಪಾಯಿಯ ಒಂದು ಫ್ರಿಜ್. ಗ್ರಾಹಕರು 4,000 ಮುಂಗಡ ಕೊಟ್ಟು, ಉಳಿದ 20,000ವನ್ನು ತಿಂಗಳಿಗೆ 2,000ದಂತೆ 10 ಕಂತುಗಳಲ್ಲಿ ತೀರಿಸುತ್ತಾರೆ ಎಂದಿಟ್ಟುಕೊಳ್ಳೋಣ.

ಸ್ವಂತ ಕಂತಿನಲ್ಲಿ ಈ 20,000 ನನ್ನ ದುಡ್ಡು, ಅಥವಾ ನಿಜ ಹೇಳಬೇಕೆಂದರೆ ಬ್ಯಾಂಕಿನ ಓವರ್‌ಡ್ರಾಫ್ಟಿನ ದುಡ್ಡು. ಅದರ ಬಡ್ಡಿ ನನಗೆ ವರ್ಷಕ್ಕೆ ಶೇ. 12 ಬೀಳುತ್ತಿತ್ತು. ಮೊದಲ ತಿಂಗಳು 200 ರೂಪಾಯಿ, ಎರಡನೆಯ ತಿಂಗಳು 180, ಹೀಗೆ ಇಳಿಯುತ್ತ ಹತ್ತನೆಯ ತಿಂಗಳಿಗೆ 20. ಕೂಡಿಸಿದರೆ 1,100 ರೂಪಾಯಿ. ಇದರ ಮೇಲೆ ಜಿಎಸ್‌ಟಿಯ ಬಿಸಿ ಬೇರೆ. ಬಿಲ್ಲಿನೊಳಗೆ ಶೇ. 18ರಂತೆ 3,661 ರೂಪಾಯಿ ತೆರಿಗೆ ಅಡಗಿದೆ. ಅದರಲ್ಲಿ ಖರೀದಿಯ ಪಾಲನ್ನು ಡಿಸ್ಟ್ರಿಬ್ಯೂಟರಿಗೆ ಕೊಡುವ ಹಣದಲ್ಲಿಯೇ ತೆತ್ತಿರುತ್ತೇವೆ, ಉಳಿದದ್ದನ್ನು ಮರುತಿಂಗಳ 20ನೇ ತಾರೀಕಿನೊಳಗೆ ಸರ್ಕಾರಕ್ಕೆ ಕಟ್ಟುತ್ತೇವೆ. ಗ್ರಾಹಕರು ಕಂತು ಕಟ್ಟಿದರೂ ಅಷ್ಟೇ, ಕಟ್ಟದಿದ್ದರೂ ಅಷ್ಟೇ. ಬಾಕಿ ಮುಳುಗಿಹೋಯಿತೆಂದು ಆ ತೆರಿಗೆಯನ್ನು ಮರಳಿ ಕೇಳಲು ನಮ್ಮ ಜಿಎಸ್‌ಟಿ ಕಾನೂನಿನಲ್ಲಿ ದಾರಿಯಿಲ್ಲ. ಉದ್ರಿ ಮಾರುವ ಅಂಗಡಿಯವರು ಇದನ್ನು ಲೆಕ್ಕಕ್ಕೆ ಹಿಡಿಯದೆ ಕೈ ಸುಟ್ಟುಕೊಳ್ಳುವುದನ್ನು ಬಹಳ ನೋಡಿದ್ದೇನೆ.

ಕಂತು ತಡವಾದರೆ ಬಡ್ಡಿಯ ಹೊರೆ ಜನ ತಿಳಿದುಕೊಂಡಷ್ಟು ದೊಡ್ಡದಲ್ಲ. ಕೊನೆಯ ಮೂರು ಕಂತು, ಅಂದರೆ 6,000 ರೂಪಾಯಿ ನಿಂತುಬಿಟ್ಟರೆ ನನಗೆ ತಿಂಗಳಿಗೆ ಬೀಳುವುದು 60 ರೂಪಾಯಿ. ಭಾರವಾಗುವುದು ಅಲೆದಾಟ. ಆ 6,000ಕ್ಕಾಗಿ ಗುಮಾಸ್ತರು ಮೂರು ಸಲ ಮೇಡ್ಲೇರಿಗೆ ಹೋಗಿಬಂದರೆ ಪೆಟ್ರೋಲು ಮತ್ತು ಅರ್ಧ ಅರ್ಧ ದಿನದ ಸಂಬಳ ಸೇರಿ, ಹತ್ತು ತಿಂಗಳ ಬಡ್ಡಿಯಷ್ಟೇ ಖರ್ಚು ಆ ಒಂದು ಖಾತೆಗೆ ಬರುತ್ತದೆ. ಸ್ವಂತ ಕಂತಿನ ವ್ಯಾಪಾರ ನಿಂತಿರುವುದು ಯಾರ ಮನೆಗೆ ಹೋಗಬೇಕಾಗಿಲ್ಲ ಎಂಬ ತಿಳಿವಳಿಕೆಯ ಮೇಲೆ. ನಮ್ಮ ತಂದೆ ಖಾತೆಯ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕುತ್ತಿದ್ದರು: ಚುಕ್ಕೆ ಇದ್ದರೆ ತಾವಾಗಿಯೇ ಬಂದು ಕಟ್ಟುವವರು, ಅಡ್ಡಗೆರೆ ಇದ್ದರೆ ಒಮ್ಮೆ ಹೇಳಿ ಕಳಿಸಬೇಕಾದವರು, ಸೊನ್ನೆ ಇದ್ದರೆ ಸುಗ್ಗಿಯವರೆಗೆ ಕೇಳಬಾರದವರು. ಸೊನ್ನೆಯವರು ಮೆಕ್ಕೆಜೋಳ ಮಾರಿದ ವಾರದಲ್ಲಿ ಐದು ಕಂತುಗಳನ್ನು ಒಟ್ಟಿಗೆ ತಂದು ಎಣಿಸಿ ಕೊಡುತ್ತಿದ್ದರು.

ಕೌಂಟರಿನ ಫೈನಾನ್ಸ್ ಈ ತಾಪತ್ರಯವನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕುತ್ತದೆ. ನನ್ನ ಒಪ್ಪಂದದ ಪ್ರಕಾರ 20,000 ಸಾಲದಲ್ಲಿ ಕಂಪನಿ 1,200 ರೂಪಾಯಿ ಮುರಿದುಕೊಂಡು, ಮರುದಿನವೇ 18,800ನ್ನು ನನ್ನ ಖಾತೆಗೆ ಹಾಕುತ್ತಿತ್ತು. ಗ್ರಾಹಕರಿಗೆ ಬಡ್ಡಿಯಿಲ್ಲ ಎಂದು ಬೋರ್ಡಿನ ಮೇಲೆ ಬರೆಯುವುದು ಈ 1,200ರ ಬಲದಿಂದ. ಬಡ್ಡಿ ಇದ್ದೇ ಇದೆ, ಅದನ್ನು ನಾನು ಕೊಡುತ್ತಿದ್ದೇನೆ, ಮೇಲಾಗಿ ಗ್ರಾಹಕರು ಪ್ರೊಸೆಸಿಂಗ್ ಶುಲ್ಕವೆಂದು ಒಂದಿಷ್ಟು ತೆರುತ್ತಾರೆ. ಶೂನ್ಯ ಬಡ್ಡಿ ಎಂಬುದೇ ಇರಲು ಸಾಧ್ಯವಿಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಹೆಸರು ಮಾತ್ರ ಬದಲಾಗಿ, ಇಂದು ಅದು ನೋ ಕಾಸ್ಟ್ ಇಎಂಐ ಆಗಿದೆ.

ಸ್ವಂತ ಕಂತಿಗೆ 1,100, ಫೈನಾನ್ಸಿಗೆ 1,200. ಬರೀ ಕಾಗದದ ಮೇಲೆ ನೋಡಿದರೆ ನೂರು ರೂಪಾಯಿಯ ವ್ಯತ್ಯಾಸ. ಅಷ್ಟಕ್ಕೆ ಗುಮಾಸ್ತರ ಅಲೆದಾಟ, ಮುಳುಗುವ ಬಾಕಿ, ತುಂಬಿಹೋದ ಓವರ್‌ಡ್ರಾಫ್ಟು ಎಲ್ಲವೂ ತಪ್ಪುವುದಾದರೆ ಯೋಚಿಸುವುದೇನಿದೆ ಎಂದು ನಾನೂ ಅಂದುಕೊಂಡಿದ್ದೆ. ಮೊದಲ ದೀಪಾವಳಿಯಲ್ಲಿ ಫ್ರಿಜ್ಜುಗಳ ಮಾರಾಟ ಹಿಂದಿನ ವರ್ಷದ ಒಂದೂವರೆ ಪಟ್ಟಾಯಿತು. ಹಿಂದೆ ಉದ್ರಿ ಕೇಳಲು ಸಂಕೋಚಪಡುತ್ತಿದ್ದ ಹುಡುಗರು, ಹೊಸದಾಗಿ ನೌಕರಿ ಸೇರಿದವರು, ಅಪರಿಚಿತರು, ಯಾರು ಬಂದರೂ ಟ್ಯಾಬ್ಲೆಟ್ಟಿನ ಮುಂದೆ ಕುಳಿತು ಹತ್ತು ನಿಮಿಷದಲ್ಲಿ ಸಾಲ ಪಡೆದು ಎದ್ದರು. ಪರಿಚಯವಿಲ್ಲದವರಿಗೆ ನಾನು ಎಂದೂ ಉದ್ರಿ ಕೊಡುತ್ತಿರಲಿಲ್ಲ. ಫೈನಾನ್ಸಿನ ದೊಡ್ಡ ಉಪಕಾರವೆಂದರೆ ಇದೇ.

ಆದರೆ ಪರಿಚಯವಿದ್ದವರ ಗತಿ ಬೇರೆಯಾಯಿತು. ಹಿಟ್ಟಿನ ಗಿರಣಿ ನಡೆಸುವ ಒಬ್ಬ ತಾಯಿ ನಮ್ಮಲ್ಲಿ ಹದಿನಾರು ವರ್ಷಗಳಲ್ಲಿ ಏಳು ಖಾತೆ ತೆಗೆದು ಏಳನ್ನೂ ತೀರಿಸಿದವರು. ಬ್ಯಾಂಕಿನಲ್ಲಿ ಒಮ್ಮೆಯೂ ಸಾಲ ಮಾಡದ ಕಾರಣಕ್ಕೆ ಅವರಿಗೆ ಸಿಬಿಲ್ ಅಂಕವೇ, ಅಂದರೆ ಹಿಂದಿನ ಸಾಲಗಳನ್ನು ತೀರಿಸಿದ ರೀತಿಗೆ ಸಿಗುವ ಅಂಕವೇ, ಇರಲಿಲ್ಲ. ಹುಡುಗ ಎರಡು ಸಲ ಆಧಾರ್ ಸಂಖ್ಯೆ ಒತ್ತಿ, ಬೆರಳಚ್ಚು ತೆಗೆದುಕೊಂಡು, ಕೊನೆಗೆ ಟ್ಯಾಬ್ಲೆಟ್ಟನ್ನು ನನ್ನ ಕಡೆಗೆ ತಿರುಗಿಸಿ ಕೆಂಪು ಸಾಲನ್ನು ತೋರಿಸಿದ. ಆ ತಾಯಿಯ ಬೆರಳಿಗೆ ಅಂಟಿದ್ದ ಹಿಟ್ಟು ಯಂತ್ರದ ಗಾಜಿನ ಮೇಲೆ ಹಾಗೆಯೇ ಇತ್ತು. ನಮ್ಮ ಏಳು ಖಾತೆಗಳು ಯಾವ ಕಂಪ್ಯೂಟರಿನಲ್ಲಿಯೂ ಇಲ್ಲ. ನಾವು ಯಾವ ಸಂಸ್ಥೆಗೂ ವರದಿ ಮಾಡಿದವರಲ್ಲ. ಸ್ವಂತ ಸಾಲದ ವ್ಯವಸ್ಥೆಯ ದೊಡ್ಡ ದೋಷವನ್ನು ನಾನು ಗಮನಿಸಿದ್ದು ಆಗಲೇ: ನಮ್ಮಲ್ಲಿ ಗಳಿಸಿದ ಮರ್ಯಾದೆ ನಮ್ಮ ಹೊಸ್ತಿಲು ದಾಟಿದರೆ ನಡೆಯುವುದಿಲ್ಲ. ಇದನ್ನು ಫೈನಾನ್ಸಿನ ಪರವಾಗಿ ಬರೆದುಕೊಳ್ಳಬೇಕು. ಅಲ್ಲಿ ಸರಿಯಾಗಿ ಕಟ್ಟಿದ ಕಂತು ಮುಂದೆ ಮನೆ ಸಾಲಕ್ಕೂ ಉಪಯೋಗಕ್ಕೆ ಬರುತ್ತದೆ.

ಎರಡನೆಯ ವ್ಯತ್ಯಾಸ ಕಾಣಿಸುವುದು ಸರಕು ಕೆಟ್ಟಾಗ. ಸ್ವಂತ ಕಂತಿನಲ್ಲಿ ಕಂಪ್ರೆಸರ್ ಕೆಟ್ಟರೆ, ರಿಪೇರಿಯಾಗುವವರೆಗೆ ಕಂತು ನಿಲ್ಲಿಸಿರಿ ಎಂದು ನಾನೇ ಹೇಳುತ್ತಿದ್ದೆ. ಗ್ರಾಹಕರ ಕೈಯಲ್ಲಿದ್ದ ಹಿಡಿತ ಅದೊಂದೇ, ಮತ್ತು ಆ ಹಿಡಿತವಿದ್ದುದರಿಂದಲೇ ಸರ್ವಿಸಿನವರಿಗೆ ನಾನು ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದೆ. ಫೈನಾನ್ಸಿನಲ್ಲಿ ಸಾಲ ಬೇರೆ, ಸರಕು ಬೇರೆ. ಒಬ್ಬ ಶಿಕ್ಷಕರು ಹಾಳಾದ ಫ್ರಿಜ್ಜಿನ ಸಿಟ್ಟಿಗೆ ಖಾತೆಯಲ್ಲಿ ದುಡ್ಡಿಡದೆ ಬಿಟ್ಟರು. ಕಂತನ್ನು ಖಾತೆಯಿಂದ ತಾನಾಗಿಯೇ ಮುರಿದುಕೊಳ್ಳುವ ಮ್ಯಾಂಡೇಟ್ ಮರಳಿದ್ದಕ್ಕೆ ಬ್ಯಾಂಕು ದಂಡ ಹಾಕಿತು, ಕಂಪನಿ ತನ್ನ ದಂಡ ಹಾಕಿತು, ಅಂಕವೂ ಇಳಿಯಿತು. ವಸೂಲಿಯ ಕರೆಗಳು ಬೆಳಗಿನ 8ರಿಂದ ಸಂಜೆ 7ರವರೆಗೆ ಮಾತ್ರ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದ್ದರೂ, ಅವರಿಗೆ ರಾತ್ರಿ ಒಂಬತ್ತಕ್ಕೆ ಕರೆ ಬಂದಿತ್ತು. ಮರುದಿನ ಅವರು ಜಗಳಕ್ಕೆ ಬಂದದ್ದು ಕಂಪನಿಯ ಕಚೇರಿಗಲ್ಲ, ನಮ್ಮ ಅಂಗಡಿಗೆ. ಸಾಲವನ್ನು ಬೇರೆಯವರಿಗೆ ಒಪ್ಪಿಸಿದರೂ ಬೈಗುಳವನ್ನು ಯಾರಿಗೂ ಒಪ್ಪಿಸಲಾಗುವುದಿಲ್ಲ.

ಇನ್ನು ಮೂರನೆಯದು, ಬಾಕಿಯನ್ನೇ ಮಾರುವುದು. 2022ರ ಹಬ್ಬದ ಸರಕಿಗೆ ಹಣ ಬೇಕಾಗಿತ್ತು, ಬ್ಯಾಂಕು ಓವರ್‌ಡ್ರಾಫ್ಟಿನ ಮಿತಿಯನ್ನು ಏರಿಸಲು ಒಪ್ಪಲಿಲ್ಲ, ಖಾತೆ ಪುಸ್ತಕದಲ್ಲಿ 18 ಲಕ್ಷ ರೂಪಾಯಿ ಮಲಗಿತ್ತು. ಕೊಳ್ಳಲು ಬಂದ ಕಂಪನಿ ಎರಡು ದರ ಹೇಳಿತು. ವಸೂಲಿಯಾಗದ ಖಾತೆಯನ್ನು ನಾನೇ ಮರಳಿ ಕೊಳ್ಳುವ ರಿಕೋರ್ಸ್ ಷರತ್ತಿಗೆ ಒಪ್ಪಿದರೆ ನೂರಕ್ಕೆ 91. ಮುಳುಗಿದರೂ ತೇಲಿದರೂ ಅವರದೇ ಎಂದಾದರೆ ನೂರಕ್ಕೆ 68. ಯಾವುದು ಮೇಲೆಂದು ತಿಳಿಯದೆ, ಪುಸ್ತಕದ ಸಮಸಂಖ್ಯೆಯ ಪುಟಗಳನ್ನು ಒಂದು ದರಕ್ಕೂ ಬೆಸಸಂಖ್ಯೆಯವನ್ನು ಇನ್ನೊಂದಕ್ಕೂ ಹಂಚಿದೆ. ಒಂದೆರಡು ಖಾತೆಗಳನ್ನು ಅತ್ತಿತ್ತ ಮಾಡಿದ ಮೇಲೆ ಎರಡೂ ಕಡೆ 9 ಲಕ್ಷವಾಯಿತು.

ರಿಕೋರ್ಸ್ ಇದ್ದ ಅರ್ಧಕ್ಕೆ 8,19,000 ಕೈಗೆ ಬಂತು. ಮುಂದಿನ ಹತ್ತು ತಿಂಗಳಲ್ಲಿ, ತೊಂಬತ್ತು ದಿನ ದಾಟಿದ ಖಾತೆಗಳೆಂದು 1,46,000 ರೂಪಾಯಿಯಷ್ಟನ್ನು ನಾನು ಮರಳಿ ಕೊಳ್ಳಬೇಕಾಯಿತು. ಅದರಲ್ಲಿ 1,02,000ವನ್ನು ನಮ್ಮ ಗುಮಾಸ್ತರು ಹಳೆಯ ರೀತಿಯಲ್ಲಿಯೇ ವಸೂಲು ಮಾಡಿದರು. ನಿವ್ವಳ ನನಗೆ ದಕ್ಕಿದ್ದು 7,75,000. ರಿಕೋರ್ಸ್ ಇಲ್ಲದ ಅರ್ಧಕ್ಕೆ ಬಂದದ್ದು 6,12,000, ಅಲ್ಲಿಗೆ ಲೆಕ್ಕ ಮುಗಿಯಿತು. ಮೊದಲನೆಯದು 1,63,000 ಹೆಚ್ಚಾಯಿತೆಂದು ಹಿಗ್ಗುವ ಮೊದಲು ಒಂದು ಮಾತು: ರಿಕೋರ್ಸ್ ಇರುವ ಮಾರಾಟ ಮಾರಾಟವೇ ಅಲ್ಲ, ಖಾತೆ ಪುಸ್ತಕವನ್ನು ಒತ್ತೆ ಇಟ್ಟು ತಂದ ಸಾಲ. ಆ ಬಾಕಿಗಳು ಸರಾಸರಿ ಮೂರೂವರೆ ತಿಂಗಳಲ್ಲಿ ತೀರುವಂಥವು. 91 ಪಡೆದು 100 ಹಿಂದಿರುಗಿಸುವುದನ್ನು ವರ್ಷದ ಬಡ್ಡಿಯಾಗಿ ಎಣಿಸಿದರೆ ಶೇ. 30ನ್ನು ಮೀರುತ್ತದೆ. ಓವರ್‌ಡ್ರಾಫ್ಟಿನ ಶೇ. 12ಕ್ಕೂ ಇದಕ್ಕೂ ಅಜಗಜಾಂತರ. ನಮ್ಮ ಆಡಿಟರು ಇದನ್ನು ಮಾರಾಟವೆಂದು ಬರೆಯಲು ಒಪ್ಪದೆ ಸಾಲದ ಪಟ್ಟಿಗೇ ಸೇರಿಸಿದಾಗ ನನಗೆ ಅರ್ಥವಾದದ್ದು.

ರಿಕೋರ್ಸ್ ಇಲ್ಲದ ಅರ್ಧದ ಕತೆ ಬೇರೆ. ರಿಕೋರ್ಸ್ ಇದ್ದ ಅರ್ಧದಲ್ಲಿ ಒಟ್ಟಾರೆ ಮುಳುಗಿದ್ದು 44,000 ಮಾತ್ರ. ಇದೂ ಅದೇ ಪುಸ್ತಕದ್ದು, ಅಂದರೆ 9 ಲಕ್ಷಕ್ಕೆ ಸುಮಾರು 8,56,000 ವಸೂಲಾಗಬಲ್ಲ ಬಾಕಿಯನ್ನು ನಾನು 6,12,000ಕ್ಕೆ ಕೊಟ್ಟೆ. ಕೊಂಡವರು ಮೋಸಗಾರರೆಂದು ಇದನ್ನು ಹೇಳುತ್ತಿಲ್ಲ. ಅವರು ಕೇಳಿದ್ದು ಹೆಸರು, ಫೋನು, ಬಾಕಿ, ಕೊನೆಯ ಕಂತಿನ ತಾರೀಕು. ಎಕ್ಸೆಲ್ ಹಾಳೆಯಲ್ಲಿ ಪೆನ್ಸಿಲಿನ ಗುರುತಿಗೆ ಕಾಲಂ ಇರಲಿಲ್ಲ. ಅವರ ಕಣ್ಣಿಗೆ ಸೊನ್ನೆಯ ಗುರುತಿನ ರೈತನೂ, ಊರು ಬಿಟ್ಟು ಓಡಿಹೋದವನೂ ಒಂದೇ: ಇಬ್ಬರೂ ನಾಲ್ಕು ತಿಂಗಳಿಂದ ಕಟ್ಟಿಲ್ಲ. ತಿಳಿಯದ್ದಕ್ಕೆ ಅವರು ಬೆಲೆ ಕಟ್ಟಲಿಲ್ಲ, ತಿಳಿದಿದ್ದನ್ನು ನಾನು ಮಾರಲಿಲ್ಲ.

ಕಾನೂನಿನ ಒಂದು ಎಳೆಯನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ನನಗೆ ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 130ನೇ ಕಲಮಿನ ಪ್ರಕಾರ ಬರಬೇಕಾದ ಬಾಕಿಯನ್ನು ಲಿಖಿತ ಪತ್ರಕ್ಕೆ ಸಹಿ ಮಾಡಿ ಬೇರೆಯವರಿಗೆ ವರ್ಗಾಯಿಸಬಹುದು. ಆದರೆ ಆ ಸುದ್ದಿ ತಿಳಿಯುವ ಮೊದಲು ಸಾಲಗಾರರು ಹಳಬರಿಗೇ ದುಡ್ಡು ಕಟ್ಟಿದರೆ ಅವರ ಸಾಲ ಅಷ್ಟರಮಟ್ಟಿಗೆ ತೀರಿದಂತೆಯೇ. ಕೊಂಡ ಕಂಪನಿ ನೋಟಿಸುಗಳನ್ನು ಕಳಿಸಲು ಆರು ವಾರ ತೆಗೆದುಕೊಂಡಿತು. ಅಷ್ಟರಲ್ಲಿ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಐನೂರರ ನೋಟು ಕೌಂಟರಿನ ಮೇಲಿಟ್ಟಳು. ಖಾತೆ ಈಗ ನಮ್ಮದಲ್ಲವೆಂದು ನಾನು ವಿವರಿಸತೊಡಗಿದರೆ, "ಯಪ್ಪಾ, ಅವರ್ಯಾರೋ ನನಗ ಗೊತ್ತಿಲ್ಲ. ಫ್ರಿಜ್ ಕೊಟ್ಟಾಂವ ನೀನು, ನೀನ ಬರಕೋ" ಎಂದಳು. ಬರೆದುಕೊಂಡೆ. ಹೀಗೆ ಬಂದ ಹಣವನ್ನು ಒಂದು ಬೇರೆ ಪುಸ್ತಕದಲ್ಲಿ ಬರೆದು ಪ್ರತಿ ಶನಿವಾರ ಕಂಪನಿಗೆ ಕಳಿಸುತ್ತಿದ್ದೆವು. ಮಾರಿದ ಮೇಲೂ ವಸೂಲಿಯ ಕೆಲಸ ನನ್ನದೇ ಆಗಿತ್ತು, ಅದಕ್ಕೆ ಕೂಲಿ ಮಾತ್ರ ಇರಲಿಲ್ಲ.

ದೊಡ್ಡವರು ಈ ಅಂಶವನ್ನು ಒಪ್ಪಂದದಲ್ಲಿಯೇ ಬರೆಸಿಕೊಂಡಿದ್ದಾರೆ. ಅಮೆರಿಕದ ಟಾರ್ಗೆಟ್ ಮಳಿಗೆಗಳ ಸಂಸ್ಥೆ 2013ರಲ್ಲಿ ತನ್ನ ಕ್ರೆಡಿಟ್ ಕಾರ್ಡಿನ ಬಾಕಿಗಳನ್ನು ಟಿಡಿ ಬ್ಯಾಂಕಿಗೆ ಮಾರಿದಾಗ, ಸಾಲದ ಹಣ ಹೂಡುವುದನ್ನು ಬ್ಯಾಂಕಿಗೆ ಬಿಟ್ಟು, ಗ್ರಾಹಕರ ಖಾತೆಗಳ ನಿರ್ವಹಣೆಯನ್ನು ತನ್ನಲ್ಲಿಯೇ ಇಟ್ಟುಕೊಂಡು ಲಾಭದಲ್ಲಿಯೂ ಪಾಲು ಪಡೆಯಿತು. ಅದಕ್ಕೂ ಮೊದಲು, 2003ರಲ್ಲಿ, ಅಲ್ಲಿಯದೇ ಇನ್ನೊಂದು ಮಳಿಗೆಗಳ ಸಂಸ್ಥೆಯಾದ ಸಿಯರ್ಸ್ ತನ್ನ ಸಾಲದ ವಿಭಾಗವನ್ನು ಸಿಟಿ ಗ್ರೂಪಿಗೆ ಮಾರಿತ್ತು. ಅಂಗಡಿಗಳಿಗಿಂತ ಸಾಲದ ವಿಭಾಗವೇ ಹೆಚ್ಚು ಗಳಿಸುತ್ತಿದ್ದ ಸಂಸ್ಥೆ ಅದು, ಮಾರಿದ ಮೇಲೆ ಬರೀ ಅಂಗಡಿಯಾಗಿ ಉಳಿಯಿತು. ಅವರ ಲೆಕ್ಕ ನೂರಾರು ಕೋಟಿ ಡಾಲರಿನದು, ನನ್ನದು 18 ಲಕ್ಷ ರೂಪಾಯಿಯದು. ಆದರೂ ಸಿಯರ್ಸಿನ ರೀತಿಯಲ್ಲಿ ಸಹಿ ಹಾಕಿ, ಟಾರ್ಗೆಟ್ಟಿನ ರೀತಿಯಲ್ಲಿ ದುಡಿದೆನೆಂಬ ಬೇಸರ ನನಗಿದೆ.

ಈಗ ನಮ್ಮಲ್ಲಿ ನಡೆಯುತ್ತಿರುವುದು ಬೆರಕೆಯ ವ್ಯವಸ್ಥೆ. 15,000 ದಾಟಿದ ಬಿಲ್ಲುಗಳು ಮತ್ತು ಹೊಸಬರು ಫೈನಾನ್ಸಿನ ಮೇಜಿಗೆ ಹೋಗುತ್ತಾರೆ. ಅದಕ್ಕಿಂತ ಕಡಿಮೆಯವು, ಮತ್ತು ಟ್ಯಾಬ್ಲೆಟ್ಟು ಬೇಡವೆಂದರೂ ನಮ್ಮಲ್ಲಿ ಮೂರು ಖಾತೆ ತೀರಿಸಿದವರು, ನಮ್ಮ ಪುಸ್ತಕಕ್ಕೆ ಬರುತ್ತಾರೆ. ಪುಸ್ತಕದ ಒಟ್ಟು ಬಾಕಿ 4 ಲಕ್ಷ ದಾಟಬಾರದೆಂದು ಮಿತಿ ಹಾಕಿಕೊಂಡಿದ್ದೇನೆ, ಅಷ್ಟಾದರೆ ಓವರ್‌ಡ್ರಾಫ್ಟು ಸಾಕಾಗುತ್ತದೆ. ಬಾಕಿ ಮಾರಾಟಕ್ಕೆ ಮತ್ತೆ ಕೈಹಾಕಿಲ್ಲ. ಅನಿವಾರ್ಯವಾಗಿ ಮಾರಬೇಕಾದವರಿಗೆ ನನ್ನ ಸಲಹೆ ಇಷ್ಟೇ: ವಸೂಲಿಯನ್ನು ಕೂಲಿಯ ಮೇಲೆ ನಿಮ್ಮಲ್ಲಿಯೇ ಉಳಿಸಿಕೊಳ್ಳಲು ಹಟ ಹಿಡಿಯಿರಿ, ನೋಟಿಸುಗಳನ್ನು ಯಾವ ತಾರೀಕಿನೊಳಗೆ ಕಳಿಸಬೇಕೆಂಬುದನ್ನು ಪತ್ರದಲ್ಲಿಯೇ ಬರೆಸಿರಿ. ಫೈನಾನ್ಸ್ ಕಂಪನಿಯೊಂದಿಗೆ ಕಳೆದ ಸಲ ಒಪ್ಪಂದ ನವೀಕರಿಸುವಾಗ, ಸರಕು ಏಳು ದಿನದೊಳಗೆ ಕೆಟ್ಟು ಮರಳಿ ಬಂದರೆ ಗ್ರಾಹಕರ ಸಾಲವನ್ನು ದಂಡವಿಲ್ಲದೆ ರದ್ದುಮಾಡಬೇಕೆಂಬ ಒಂದು ಸಾಲನ್ನು ಸೇರಿಸಲು ಕೇಳಿದೆ. ಮೊದಲು ಆಗುವುದಿಲ್ಲವೆಂದರು, ಮೇಜನ್ನು ತೆಗೆದು ಅಲ್ಲಿ ವಾಷಿಂಗ್ ಮಷಿನ್ ಇಡುತ್ತೇನೆಂದ ಮೇಲೆ ಒಪ್ಪಿದರು.