ಕರಿಕೆಸು, ಅಲೊಕೇಶಿಯಾ, ಕ್ಯಾಲೇಡಿಯಂ: ಮೂರನ್ನೂ ಸಾಕಿ ನೋಡಿದೆ

ನಮ್ಮೂರು ಸಾಗರದ ಕಡೆ. ಅಲ್ಲಿ ಕೆಸುವನ್ನು ಯಾರೂ ಸಾಕುವುದಿಲ್ಲ. ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಹಬ್ಬಿರುತ್ತದೆ. ಕರಕಲಿಗೋ ಪತ್ರೊಡೆಗೋ ನಾಲ್ಕು ಎಲೆ ಕೊಯ್ದರೆ ಮುಗಿಯಿತು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕೆಸು ತಂದೆ ಅಂದಾಗ ಅಮ್ಮ ಫೋನಿನಲ್ಲೇ ನಕ್ಕುಬಿಟ್ಟಳು. "ತಿನ್ನಲಿಕ್ಕೂ ಬಾರದ ಕೆಸುವಾ?"

ಒಂದಲ್ಲ, ಮೂರು ತಂದಿದ್ದೆ. ಬ್ಲ್ಯಾಕ್ ಮ್ಯಾಜಿಕ್ ಎನ್ನುವ ಕಪ್ಪು ಎಲೆಯ ಕೊಲೊಕೇಶಿಯಾ, ಬಿಳಿ ನರಗಳ ಅಲೊಕೇಶಿಯಾ ಪಾಲಿ, ಗುಲಾಬಿ ಬಣ್ಣದ ಕ್ಯಾಲೇಡಿಯಂ. ಮೂರೂ ಒಂದೇ ಕುಟುಂಬದವು, ಎಲೆಯೂ ಹೆಚ್ಚುಕಡಿಮೆ ಒಂದೇ ಥರ. ಎಲ್ಲವೂ ಕೆಸುವೇ ಅಲ್ವಾ ಅಂತ ಮೂರಕ್ಕೂ ಒಂದೇ ಮಣ್ಣು, ಒಂದೇ ನೀರು ಹಾಕಿದೆ. ಎಡವಿದ್ದೇ ಅಲ್ಲಿ.

ಈ ಉಪಚಾರ ಒಪ್ಪಿದ್ದು ಬ್ಲ್ಯಾಕ್ ಮ್ಯಾಜಿಕ್ ಒಂದಕ್ಕೇ. ಅದು ನಮ್ಮ ಬಚ್ಚಲ ಹಿಂದಿನ ಕೆಸುವಿನದೇ ಜಾತಿ, ಬಣ್ಣ ಮಾತ್ರ ಬೇರೆ. ತೂತಿಲ್ಲದ ಹಳೇ ಬಕೆಟ್ಟಿನಲ್ಲಿ ಕೆಮ್ಮಣ್ಣು, ಸಗಣಿಗೊಬ್ಬರ ತುಂಬಿ ನೆಟ್ಟೆ. ಕೆಸರಿನಲ್ಲೇ ಖುಷಿಯಾಗಿದೆ. ನೀರು ಮಣ್ಣಿನ ಮೇಲೆ ನಿಲ್ಲದಂತೆ ಮಾತ್ರ ನೋಡಿಕೊಳ್ಳುತ್ತೇನೆ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಬಿಸಿಲು ಬಿದ್ದಷ್ಟೂ ಎಲೆ ಕಪ್ಪಾಗುತ್ತದೆ. ಒಂದು ತಿಂಗಳು ನೆರಳಿಗೆ ಇಟ್ಟಾಗ ಕೊಳೆ ಹಸಿರಾಗಿಬಿಟ್ಟಿತ್ತು. ಹೊಟ್ಟೆಬಾಕ ಗಿಡ. ಮೂರು ವಾರಕ್ಕೊಮ್ಮೆ ಗೊಬ್ಬರ ಹಾಕದಿದ್ದರೆ ಹೊಸ ಎಲೆ ಚಿಕ್ಕದಾಗುತ್ತದೆ.

ಒಂದು ದಿನ ಕೆಳಗಿನ ಮನೆಯ ಆಂಟಿ ಬಂದರು. "ರಾತ್ರಿ ಗಿಡಕ್ಕೆ ನೀರು ಹಾಕಬೇಡಿ, ಒಣಗಿಸಿದ ಬಟ್ಟೆ ಒದ್ದೆಯಾಗ್ತಿದೆ." ನಾನು ಹಾಕಿರಲೇ ಇಲ್ಲ. ಬೆಳಗಿನ ಜಾವ ಎದ್ದು ನೋಡಿದರೆ ಎಲೆಯ ತುದಿಯಲ್ಲಿ ಒಂದು ಹನಿ ಊರುತ್ತಿತ್ತು, ದಪ್ಪವಾಗಿ ತಟಕ್ಕನೆ ಬಿತ್ತು. ಹಿಂದೆಯೇ ಇನ್ನೊಂದು. ಬೇರು ಎಳೆದ ಹೆಚ್ಚಿನ ನೀರನ್ನು ರಾತ್ರಿಯಿಡೀ ಗಿಡವೇ ಎಲೆತುದಿಯಿಂದ ಹೊರಗೆ ಬಿಡುತ್ತದೆ. ಬಕೆಟ್ಟನ್ನು ಗೋಡೆಯ ಕಡೆಗೆ ಸರಿಸಿದೆ, ಆಂಟಿಗೆ ಒಂದು ಮರಿ ಗಿಡವನ್ನೂ ಕೊಟ್ಟೆ.

ಅಲೊಕೇಶಿಯಾ ನನ್ನಿಂದ ಪಟ್ಟ ಪಾಡು ಹೇಳಬಾರದು. ನರ್ಸರಿಯವರು "ದಿನಾ ನೀರು ಹಾಕಿ" ಎಂದಿದ್ದರು, ನಾನು ತಟ್ಟೆಯಲ್ಲೂ ನಿಲ್ಲಿಸಿದೆ. ಹತ್ತೇ ದಿನಕ್ಕೆ ಎಲೆಗಳು ಒಂದರ ಹಿಂದೆ ಒಂದು ಹಳದಿಯಾದವು. ಕಿತ್ತು ನೋಡಿದರೆ ಬೇರುಗಳೆಲ್ಲ ಕಂದು, ಮುಟ್ಟಿದರೆ ಜಾರುತ್ತಿದೆ, ಕೆಟ್ಟ ವಾಸನೆ ಬೇರೆ. ಗೆಡ್ಡೆ ಮಾತ್ರ ಅಡಿಕೆಯಂತೆ ಗಟ್ಟಿಯಿತ್ತು. ಕೊಳೆತದ್ದನ್ನು ಕತ್ತರಿಸಿ, ಕೊಕೊಪೀಟ್, ಇದ್ದಿಲ ಚೂರು, ದಪ್ಪ ಮರಳು ಬೆರೆಸಿ ಮತ್ತೆ ನೆಟ್ಟೆ. ಹೊಸ ಎಲೆ ಕಾಣಲಿಕ್ಕೆ ಆರು ವಾರ ಬೇಕಾಯಿತು. ಈಗ ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲೇ ನೀರು. ಬೇಸಿಗೆಯಲ್ಲಿ ಎಲೆಯಡಿ ನುಸಿ ಕೂರುತ್ತದೆ. ಧೂಳಿನ ಹಾಗೆ ಕಾಣುತ್ತದೆ, ಹತ್ತಿರದಿಂದ ನೋಡಿದರೆ ಸಣ್ಣ ಬಲೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಇಷ್ಟು ಸೇವೆ ಕೇಳುವ ಗಿಡ ನನಗೆ ಸರಿಹೋಗುವುದಿಲ್ಲ. ಆದರೆ ಎಲೆ ಮಾತ್ರ ಯಾರೋ ಕೂತು ಬಿಳಿ ಬಣ್ಣದಲ್ಲಿ ಗೆರೆ ಎಳೆದ ಹಾಗಿದೆ, ಎಸೆಯಲು ಮನಸ್ಸು ಬರುವುದಿಲ್ಲ.

ಇದನ್ನು 'ಅಮೆಜಾನಿಕಾ' ಅಂತಲೂ ಮಾರುತ್ತಾರೆ. ಅಮೆಜಾನ್ ಕಾಡಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಮೂಲ ಏಷ್ಯಾದ ಗಿಡಗಳು, ಹೆಸರು ಬಂದದ್ದು ಅಮೆರಿಕದ ಮಿಯಾಮಿಯಲ್ಲಿದ್ದ ಅಮೆಜಾನ್ ಎನ್ನುವ ನರ್ಸರಿಯಿಂದ. ನಿಜವಾಗಿ ದಕ್ಷಿಣ ಅಮೆರಿಕದಿಂದ ಬಂದದ್ದು ಕ್ಯಾಲೇಡಿಯಂ.

ಮೂರರ ರಸದಲ್ಲೂ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ತಾಗಿದರೆ ತುರಿಕೆ. ಊರಿನ ಕೆಸುವನ್ನೂ ಹುಳಿ ಹಾಕಿ ಚೆನ್ನಾಗಿ ಬೇಯಿಸದೆ ಯಾರೂ ತಿನ್ನುವುದಿಲ್ಲ. ನರ್ಸರಿ ಗಿಡವನ್ನಂತೂ ಅಡುಗೆಮನೆಗೆ ತರಲೇಬೇಡಿ. ಮಗು, ಬೆಕ್ಕು ಇರುವ ಮನೆಯಲ್ಲಿ ಎತ್ತರಕ್ಕಿಡಿ.

ಒಂದೇ ಕೊಳ್ಳುವುದಾದರೆ, ಬಿಸಿಲಿದ್ದರೆ ಕಣ್ಣುಮುಚ್ಚಿ ಬ್ಲ್ಯಾಕ್ ಮ್ಯಾಜಿಕ್ ತನ್ನಿ. ನೀರು ಜಾಸ್ತಿ ಹಾಕುವ ಕೈಯಾದರೆ ಅಲೊಕೇಶಿಯಾ ಬೇಡ. ಬರೀ ನೆರಳಿದ್ದರೆ ಕ್ಯಾಲೇಡಿಯಂ. ಅದರ ಎಲೆ ಕಾಗದದಷ್ಟು ತೆಳು, ಮಧ್ಯಾಹ್ನದ ಬಿಸಿಲಿಗೆ ಸುಟ್ಟು ತೂತಾಗುತ್ತದೆ.

ಕ್ಯಾಲೇಡಿಯಂ ಚಳಿಗಾಲದಲ್ಲಿ ಮಲಗುತ್ತದೆ ಅನ್ನುವುದು ಮೊದಲ ವರ್ಷ ನನಗೆ ಗೊತ್ತಿರಲಿಲ್ಲ. ನವೆಂಬರಿನಲ್ಲಿ ಎಲೆಗಳೆಲ್ಲ ಬಾಡಿ ಬಿದ್ದವು. ಸತ್ತಿತು ಅಂದುಕೊಂಡು ಮಣ್ಣನ್ನು ಕರಿಬೇವಿನ ಕುಂಡಕ್ಕೆ ಸುರಿದೆ. ಏಪ್ರಿಲಿನ ಮೊದಲ ಮಳೆಯಾದ ಮೇಲೆ ಒಗ್ಗರಣೆಗೆ ಕರಿಬೇವು ಕೀಳಲು ಹೋದರೆ, ಬುಡದಲ್ಲಿ ಬೀಡಿಯಂತೆ ಸುರುಳಿ ಸುತ್ತಿಕೊಂಡ ಒಂದು ಗುಲಾಬಿ ಎಲೆ. ಈಗಲೂ ಅಲ್ಲೇ ಇದೆ.