ಡಕೋಟಾ ಬೇಕಾ, ಆವ್ರೋ-748 ಬೇಕಾ?

ತಮ್ಮಾ, ಡಕೋಟಾ, ಆವ್ರೋ-748 ಅನ್ನೋ ಎರಡು ಹಳೇ ವಿಮಾನಗಳಲ್ಲಿ ಯಾವುದು ಮತ್ತೆ ತಯಾರಾಗಬೇಕು ಅಂತ ಕೇಳಿದ್ದೀಯ. ಬೀದರ್‌ನ ಮಾಳಿಗೆ ಮೇಲೆ ನಿಂತು ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡದ ಹಾರಾಟ ನೋಡುತ್ತ ಬೆಳೆದವನು ನಾನು, ಇಂಥ ಪ್ರಶ್ನೆ ಬಂದರೆ ಸುಮ್ನೆ ಇರೋಕಾಗಲ್ಲ.

ಮೊದಲು ಇಂಧನ. 1935ರಲ್ಲಿ ಮೊದಲು ಹಾರಿದ ಡಕೋಟಾದ್ದು ಪಿಸ್ಟನ್ ಇಂಜಿನ್, ಅದಕ್ಕೆ ಬೇಕಾದ ವಿಮಾನದ ಪೆಟ್ರೋಲ್ ನಮ್ಮಲ್ಲಿ ಎಲ್ಲ ಕಡೆ ಸಿಗಲ್ಲ. 1960ರ ಆವ್ರೋದ್ದು ಟರ್ಬೊಪ್ರಾಪ್, ಅಂದರೆ ಜೆಟ್ ಥರದ ಇಂಜಿನ್ನೇ ಪಂಖ ತಿರುಗಿಸೋದು, ಜೆಟ್‌ಗೆ ಹಾಕುವ ಇಂಧನವೇ ಸಾಕು. ಈ ವಿಮಾನವನ್ನು ಕಾನ್ಪುರದಲ್ಲಿ ಎಚ್‌ಎಎಲ್ ಕೂಡ ಕಟ್ಟಿತ್ತು.

ಕೂರೋ ಸುಖ? ಡಕೋಟಾ ನಿಂತಾಗ ಬಾಲ ಕೆಳಗೆ, ಮೂಗು ಮೇಲೆ, ಸೀಟಿಗೆ ಹೋಗೋದೇ ದಿಬ್ಬ ಹತ್ತಿದ ಹಾಗೆ. ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲ, ಹಾಗಾಗಿ ಕೆಳಗೇ ಹಾರಬೇಕು, ಕಲಬುರಗಿಯ ಮೇ ಬಿಸಿಲಲ್ಲಿ ಆ ಗಾಳಿ ಚೆನ್ನಾಗಿ ಕುಲುಕಿಸುತ್ತದೆ. ಆವ್ರೋ ಮೇಲೆ ಹಾರುತ್ತದೆ, 40ಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. ಆದರೆ ಅದರ ಡಾರ್ಟ್ ಇಂಜಿನ್ ಕಿವಿ ಕೊರೆಯುತ್ತದೆ, ಹೊಸದು ಹಾಕಲೇಬೇಕು.

ಮಣ್ಣಿನ ರನ್‌ವೇ ಎರಡಕ್ಕೂ ನಡೆಯುತ್ತದೆ. ರಿಪೇರಿ ಡಕೋಟಾದ್ದೇ ಸುಲಭ.

ಕಲಬುರಗಿಯಿಂದ ಬೆಂಗಳೂರಿಗೆ ದಿನಾ ಜನ ಒಯ್ಯೋಕೆ ಆವ್ರೋ. ನೆರೆ ಬಂದ ಊರಿಗೆ ಸಾಮಾನು ಇಳಿಸೋಕೆ ಟರ್ಬೊಪ್ರಾಪ್ ಇಂಜಿನ್ ಹಾಕಿದ ಡಕೋಟಾ. ಇದು ಆಗದ ಮಾತಲ್ಲ, 1988ರಲ್ಲಿ ತಯಾರಿಕೆ ನಿಂತಿದ್ದ ಟ್ವಿನ್ ಆಟರ್ ಅನ್ನೋ ಸಣ್ಣ ವಿಮಾನವನ್ನು ಕೆನಡಾದವರು ಮತ್ತೆ ಕಟ್ಟಿ ಹಾರಿಸಿದ್ದಾರೆ.