ಓ-ನೆಟ್ ಆನ್‌ಲೈನ್: ಕೌಶಲಗಳ ಉಚಿತ ಕಣಜ, ಅಮೆರಿಕದ ಅಳತೆಗೋಲು

ಹೊಸ ತಂತ್ರಜ್ಞಾನ ಯಾರ ಕೆಲಸವನ್ನು ಎಷ್ಟು ಬದಲಿಸಲಿದೆ ಎಂದು ಲೆಕ್ಕ ಹಾಕುವ ಸಂಶೋಧನಾ ಪ್ರಬಂಧಗಳ ಬುಡವನ್ನು ಕೆದಕಿದರೆ, ಮತ್ತೆ ಮತ್ತೆ ಎದುರಾಗುವುದು ಅಮೆರಿಕದ ಕಾರ್ಮಿಕ ಇಲಾಖೆಯ ಆಶ್ರಯದಲ್ಲಿರುವ ಓ-ನೆಟ್ ಎಂಬ ವೃತ್ತಿ ವಿವರಗಳ ದತ್ತಾಂಶ ಕೋಶ. ಆಕ್ಸ್‌ಫರ್ಡ್‌ನ ಫ್ರೇ ಮತ್ತು ಆಸ್ಬೋರ್ನ್ 2013ರಲ್ಲಿ 702 ವೃತ್ತಿಗಳನ್ನು ಪರಿಶೀಲಿಸಿ, ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಗಣಕೀಕರಣದ ಹೆಚ್ಚಿನ ಅಪಾಯದಲ್ಲಿವೆ ಎಂದದ್ದು ಇದರ ಆಧಾರದಿಂದಲೇ. ಡಿಪ್ಲೊಮಾ ಮೆಕ್ಯಾನಿಕಲ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗಾಗಿ ಒಂದು ಸೆಮಿಸ್ಟರ್ ಇದನ್ನು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲು ಮೆಚ್ಚಬೇಕಾದದ್ದು ಇದರ ಧಾರಾಳತನ. ಲಾಗಿನ್ ಬೇಡ, ಶುಲ್ಕವಿಲ್ಲ. ಇಡೀ ಕೋಶವನ್ನು ಎಕ್ಸೆಲ್ ಕಡತಗಳಾಗಿ ಇಳಿಸಿಕೊಳ್ಳಬಹುದು, ಮೂಲವನ್ನು ಹೆಸರಿಸಿದರೆ ಮರುಬಳಕೆಗೂ ಅಡ್ಡಿಯಿಲ್ಲ. ಪ್ರತಿ ವೃತ್ತಿಯ ಪುಟದಲ್ಲಿ ಕೆಲಸಗಳ ಪಟ್ಟಿ, ಬಳಸುವ ಉಪಕರಣ ಹಾಗೂ ಸಾಫ್ಟ್‌ವೇರ್‌, ಬೇಕಾದ ತಿಳಿವಳಿಕೆ ಎಲ್ಲವೂ ಇವೆ. 35 ಕೌಶಲಗಳಿಗೆ ಎರಡೆರಡು ಅಂಕಗಳಿದ್ದು, ಒಂದು ಆ ಕೌಶಲ ಎಷ್ಟು ಮುಖ್ಯ ಎಂಬುದನ್ನೂ ಇನ್ನೊಂದು ಎಷ್ಟು ಮಟ್ಟದಲ್ಲಿ ಬೇಕು ಎಂಬುದನ್ನೂ ತಿಳಿಸುತ್ತದೆ. ಈ ಎರಡರ ವ್ಯತ್ಯಾಸ ಅರ್ಥವಾಗಲು ನನ್ನ ವಿದ್ಯಾರ್ಥಿಗಳಿಗೆ ಎರಡು ವಾರ ಹಿಡಿಯಿತು. ಹುಡುಕಾಟ ಚುರುಕಾಗಿದೆ. ಇಂಗ್ಲಿಷಿನಲ್ಲಿ ತಡವರಿಸುವವರಿಗೆ ಮಾತ್ರ ಪುಟಗಳು ಭಾರವಾಗುತ್ತವೆ.

ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ವೃತ್ತಿಯ ಪುಟವನ್ನೇ ನಾವು ಹೆಚ್ಚು ಬಳಸಿದೆವು. ಮೈಕ್ರೋಮೀಟರ್ ಹಿಡಿದು ಅಳೆಯುವುದು, ಟೂಲ್ ಜೋಡಿಸುವುದು ಮುಂತಾದ ನಿರೀಕ್ಷಿತ ಸಾಲುಗಳ ನಡುವೆ, ಯಂತ್ರ ಓಡುವಾಗ ಕಿವಿಗೊಟ್ಟು ಕೇಳಿ, ಮೊಂಡಾದ ಟೂಲಿನ ಸದ್ದನ್ನೂ ಅತಿಯಾದ ಕಂಪನವನ್ನೂ ಗುರುತಿಸಿ ಸರಿಪಡಿಸುವುದು ಎಂಬ ಕೆಲಸವೂ ಇದೆ. ಪೀಣ್ಯದ ಯಾವುದೇ ಶಾಪ್‌ನಲ್ಲಿ ನಿಂತವರಿಗೆ ಇದನ್ನು ಬರೆದವರು ಯಂತ್ರದ ಪಕ್ಕದಲ್ಲಿ ನಿಂತು ಬಲ್ಲವರು ಎನಿಸುತ್ತದೆ. ಆದರೆ ಫ್ರೇ ಮತ್ತು ಆಸ್ಬೋರ್ನ್ ತಮ್ಮ ಲೆಕ್ಕಕ್ಕೆ ಆರಿಸಿಕೊಂಡ ಒಂಬತ್ತು ಅಂಶಗಳಲ್ಲಿ ಬೆರಳಿನ ಚುರುಕು, ಸ್ವಂತಿಕೆ, ಮನವೊಲಿಸುವ ಶಕ್ತಿ ಮೊದಲಾದವು ಇವೆಯೇ ಹೊರತು ಕಿವಿ ಇಲ್ಲ. ವೃತ್ತಿಯನ್ನು ಇಡಿಯಾಗಿ ನೋಡದೆ ಅದರೊಳಗಿನ ಕೆಲಸಗಳನ್ನು ನೋಡಬೇಕೆಂದು ಹೊರಟ, ಮುಂದುವರಿದ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿಯ ಅಧ್ಯಯನವು 2016ರಲ್ಲಿ, ಬೇರೊಂದು ಸಮೀಕ್ಷೆಯ ದತ್ತಾಂಶದಿಂದ, 21 ದೇಶಗಳಲ್ಲಿ ಸರಾಸರಿ ಶೇ 9ರಷ್ಟು ಉದ್ಯೋಗಗಳಿಗೆ ಮಾತ್ರ ಇಂಥ ಅಪಾಯವಿದೆ ಎಂದಷ್ಟೇ ಹೇಳಿತು. ಇಷ್ಟು ದೊಡ್ಡ ಅಂತರದ ಹೊಣೆಯನ್ನು ಕಣಜದ ಮೇಲೆ ಹೊರಿಸುವುದು ನ್ಯಾಯವಲ್ಲ. ಅಳೆದವರು ಯಾವ ಸೇರನ್ನು ಹಿಡಿದರು ಎಂಬುದನ್ನು ನೋಡಬೇಕು.

ನನ್ನ ನಿಜವಾದ ತಕರಾರು ಬೇರೆ. ಇಲ್ಲಿನ ಅಂಕಗಳು ಅಮೆರಿಕದ ಕೆಲಸಗಾರರಿಂದಲೂ ಅಲ್ಲಿನ ವೃತ್ತಿ ವಿಶ್ಲೇಷಕರಿಂದಲೂ ಬಂದವು. ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಒಬ್ಬನೇ ಹುಡುಗ ಬೆಳಿಗ್ಗೆ ಯಂತ್ರವನ್ನು ಕೆಲಸಕ್ಕೆ ಸಜ್ಜುಗೊಳಿಸುವ ಸೆಟ್ಟರ್, ಮಧ್ಯಾಹ್ನ ಆಪರೇಟರ್, ಸಂಜೆ ಡೆಲಿವರಿ ಚಲನ್ ಬರೆಯುವವನು. ಆ ಅಂಕಗಳನ್ನು ಹಾಗೆಯೇ ತಂದು ಅವನಿಗೆ ಅಂಟಿಸುವ ಪ್ರಬಂಧಗಳನ್ನು ನಾನು ನಂಬುವುದಿಲ್ಲ. ಭಾರತದ ರಾಷ್ಟ್ರೀಯ ವೃತ್ತಿ ವರ್ಗೀಕರಣ 2015 ಪ್ರತಿ ವೃತ್ತಿಗೂ ಎಂಟು ಅಂಕಿಗಳ ಸಂಕೇತವನ್ನೂ ವಿವರಣೆಯನ್ನೂ ಕೊಡುತ್ತದೆ, ಕೌಶಲಗಳಿಗೆ ಇಂಥ ಅಂಕಗಳನ್ನು ಕೊಡುವುದಿಲ್ಲ.

ಆದ್ದರಿಂದ ನಾವು ಅಂಕಗಳನ್ನು ಬದಿಗಿಟ್ಟು, ಕೆಲಸಗಳ ಪಟ್ಟಿಯನ್ನಷ್ಟೇ ಕನ್ನಡಕ್ಕೆ ತಂದು ಪ್ರಶ್ನಾವಳಿಯಾಗಿ ಮುದ್ರಿಸಿ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಹಂಚಿದೆವು. ಈ ಬಳಕೆಗೆ ಓ-ನೆಟ್‌ಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಹಾಳೆ ಹಿಂದಿರುಗಿಸಿದ ಹಿರಿಯ ಸೆಟ್ಟರ್ ಒಬ್ಬರು ಸದ್ದು ಕೇಳುವ ಸಾಲಿನ ಪಕ್ಕದಲ್ಲಿ ಎರಡು ಸಲ ಗುರುತು ಹಾಕಿದ್ದರು.